ಕಥೆ ಓದುವ ಮಗು ಪಾಠದ ಮುಂದೆ ಏಕೆ ಎಡವುತ್ತದೆ?

ಕಾರಣ ಕೊಡಿ. ವ್ಯತ್ಯಾಸ ತಿಳಿಸಿ. ಹಂತಗಳನ್ನು ಕ್ರಮವಾಗಿ ಬರೆಯಿರಿ. ಪರಿಣಾಮಗಳಾವುವು? ಪರಿಹಾರ ಸೂಚಿಸಿ. ವಿವರಿಸಿ.

ಕರ್ನಾಟಕದ ಶಾಲೆಯಲ್ಲಿ ಓದಿದವರಿಗೆ ಈ ಸಾಲುಗಳನ್ನು ಕಂಡೊಡನೆ ಪ್ರಶ್ನೆಪತ್ರಿಕೆ ಕಣ್ಣಮುಂದೆ ಬರುತ್ತದೆ. ನಾಲ್ಕನೇ ತರಗತಿಯ ಪರಿಸರ ಅಧ್ಯಯನದಿಂದ ಹಿಡಿದು ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದವರೆಗೆ ಮಕ್ಕಳು ಎದುರಿಸುವುದು ಇವನ್ನೇ. ಇವನ್ನು ಇನ್ನೊಂದು ಬಗೆಯಲ್ಲೂ ನೋಡಬಹುದು: ಮಾಹಿತಿ ಕೊಡುವ ಗದ್ಯವನ್ನು ಎಷ್ಟು ರೀತಿಯಲ್ಲಿ ಕಟ್ಟಬಹುದು ಎಂಬುದರ ಪಟ್ಟಿ ಇದು. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬಾನಿ ಮೇಯರ್ 1970ರ ದಶಕದಿಂದ ಗದ್ಯದ ರಚನೆಯನ್ನು ಬಿಡಿಸಿ ನೋಡುತ್ತ ಬಂದವರು. ಅವರೂ ಅವರ ಹಿಂದೆ ಬಂದವರೂ ಹೆಚ್ಚುಕಡಿಮೆ ಐದು ಕಟ್ಟುಗಳನ್ನು ಗುರುತಿಸಿದರು: ವಿವರಣೆ, ಅನುಕ್ರಮ, ಹೋಲಿಕೆ, ಕಾರಣ–ಪರಿಣಾಮ, ಸಮಸ್ಯೆ–ಪರಿಹಾರ. ನಮ್ಮಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವವರು ಆಕೆಯ ಹೆಸರನ್ನೂ ಕೇಳದೆ ಆ ಐದನ್ನೂ ವರ್ಷವರ್ಷ ಬಳಸುತ್ತಿದ್ದಾರೆ.

ಉತ್ತರದಲ್ಲಿ ಈ ರಚನೆ ಇರಲೇಬೇಕೆಂದು ಕೇಳುವ ಶಾಲೆ, ಪಾಠದೊಳಗೆ ಅದು ಎಲ್ಲಿದೆ ಎಂದು ಮಾತ್ರ ತೋರಿಸುವುದಿಲ್ಲ. ಪಾಠ ಓದಿಸುತ್ತಾರೆ, ಕಠಿಣ ಪದಗಳ ಅರ್ಥ ಬರೆಸುತ್ತಾರೆ, ಪ್ರಶ್ನೋತ್ತರ ಹೇಳಿ ಬರೆಸುತ್ತಾರೆ. ‘ಈ ಪ್ಯಾರಾದಲ್ಲಿ ಲೇಖಕರು ಮಾಡುತ್ತಿರುವುದೇನು, ಈ ಸಾಲಾದ ಮೇಲೆ ಆ ಸಾಲು ಯಾಕೆ ಬಂತು’ ಎಂದು ಕೇಳುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಹಾಗಿದ್ದರೆ ಮಕ್ಕಳು ಪಾಸಾಗುವುದು ಹೇಗೆ? ಅದಕ್ಕೊಂದು ಉಪಾಯ ಪ್ರತಿ ಮಗುವಿಗೂ ಗೊತ್ತು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕು. ಅದು ಸಿಕ್ಕ ಸಾಲನ್ನು ಇದ್ದ ಹಾಗೆ ಇಳಿಸು. ಈ ಉಪಾಯ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಪಠ್ಯಪುಸ್ತಕದ ಧಾಟಿಯಲ್ಲೇ ನಾನು ಬರೆದ ಒಂದು ಪ್ಯಾರಾ ಇಲ್ಲಿದೆ:

“ಹಿಂದೆ ಬೇಸಿಗೆಯಲ್ಲಿ ಕೆರೆಯ ಹೂಳನ್ನು ರೈತರೇ ತೆಗೆದು ಹೊಲಗಳಿಗೆ ಸಾಗಿಸುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ನೀರನ್ನು ನೆಚ್ಚಿಕೊಳ್ಳುವವರು ಕಡಿಮೆಯಾದರು. ಹೂಳು ತೆಗೆಯುವ ರೂಢಿ ನಿಂತಿತು. ಕೆರೆಯಲ್ಲಿ ನಿಲ್ಲುವ ನೀರು ಕಡಿಮೆಯಾದ್ದರಿಂದ ಅಂತರ್ಜಲ ಕುಸಿದು ಕೊಳವೆಬಾವಿಗಳೂ ಬತ್ತಿದವು.”

‘ಕೆರೆಯ ಹೂಳನ್ನು ಯಾರು ತೆಗೆಯುತ್ತಿದ್ದರು?’ ಎಂದರೆ ಉಪಾಯ ಕೆಲಸ ಮಾಡುತ್ತದೆ. ಹೂಳು ಎಂಬ ಪದ ಸಿಕ್ಕಿತು, ಪಕ್ಕದಲ್ಲೇ ರೈತರಿದ್ದಾರೆ, ಒಂದು ಅಂಕ ಬಂತು. ‘ಕೊಳವೆಬಾವಿಗಳು ಬತ್ತಲು ಮೂಲ ಕಾರಣವೇನು?’ ಎಂದರೆ ಮಗು ಕೊನೆಯ ಸಾಲನ್ನು ಇಳಿಸುತ್ತದೆ. ಬತ್ತಿದವು ಎಂಬ ಮಾತು ಇರುವುದು ಅಲ್ಲೇ. ಆದರೆ ಆ ನಾಲ್ಕು ಸಾಲು ಹೇಳುತ್ತಿರುವ ಮುಖ್ಯ ಸಂಗತಿಯೇ ಬೇರೆ: ಕೊಳವೆಬಾವಿ ಬಂದದ್ದೇ ಕೊಳವೆಬಾವಿ ಬತ್ತುವುದಕ್ಕೆ ದಾರಿಯಾಯಿತು. ಅದು ಯಾವ ಒಂದು ಸಾಲಿನಲ್ಲೂ ಇಲ್ಲ. ಸಾಲುಗಳ ನಡುವಿನ ಬೆಸುಗೆಯಲ್ಲಿದೆ. ಎರಡನೆಯ ಮತ್ತು ಮೂರನೆಯ ಸಾಲಿನ ನಡುವೆಯಂತೂ ‘ಹಾಗಾಗಿ’ ಎಂಬ ಒಂದು ಮಾತೂ ಇಲ್ಲ; ಓದುಗರೇ ಅದನ್ನು ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ‘ಬಂದ ಮೇಲೆ’ ಎಂಬುದು ಮೇಲ್ನೋಟಕ್ಕೆ ಕಾಲವನ್ನು ಹೇಳುತ್ತದೆ, ಒಳಗೆ ಕಾರಣವನ್ನು ಇಟ್ಟುಕೊಂಡಿದೆ. ದೊಡ್ಡವರು ಇದನ್ನು ಗಮನಿಸದೆಯೇ ದಾಟಿಬಿಡುತ್ತೇವೆ. ಹತ್ತು ವರ್ಷದ ಮಗುವಿಗೆ ಅಲ್ಲೊಂದು ಹಳ್ಳ ಇರುವುದೇ ಗೊತ್ತಿರುವುದಿಲ್ಲ.

ಕಥೆಯಲ್ಲಿ ಈ ತೊಂದರೆ ಅಷ್ಟಿಲ್ಲ. ಒಂದೂರಲ್ಲಿ ಒಬ್ಬ ರಾಜ ಎಂದು ಶುರುವಾದರೆ ಸಾಕು, ಅವನಿಗೆ ಏನೋ ಕಷ್ಟ ಬರುತ್ತದೆ, ಅವನು ಏನೋ ಮಾಡುತ್ತಾನೆ, ಕಡೆಗೆ ಏನೋ ಆಗುತ್ತದೆ ಎಂಬುದು ಶಾಲೆಗೆ ಕಾಲಿಡುವ ಮೊದಲೇ ಮಗುವಿಗೆ ತಿಳಿದಿರುತ್ತದೆ. ಅಜ್ಜಿಯಿಂದಲೋ ಟಿವಿಯಿಂದಲೋ ಕಥೆಯ ಚೌಕಟ್ಟು ಮನೆಯಿಂದಲೇ ಬಂದಿರುತ್ತದೆ. ಎಲೆಯು ಆಹಾರ ತಯಾರಿಸುವ ಬಗೆಯನ್ನೋ ಗ್ರಾಮ ಪಂಚಾಯಿತಿಗೂ ಪುರಸಭೆಗೂ ಇರುವ ವ್ಯತ್ಯಾಸವನ್ನೋ ಹೇಳುವ ಬರಹದ ಚೌಕಟ್ಟು ಯಾವ ಮನೆಯಿಂದಲೂ ತಾನಾಗಿ ಬರುವುದಿಲ್ಲ. ಅದನ್ನು ಶಾಲೆಯೇ ಕೊಡಬೇಕು.

ಕೊಡುತ್ತಿದೆಯೇ? ಈ ವಿಷಯದಲ್ಲಿ ಶ್ರೀಮಂತ ದೇಶಗಳೂ ಬಹುಕಾಲ ನಿದ್ದೆ ಮಾಡಿದವು. ನೆಲ್ ಡ್ಯೂಕ್ ಎಂಬ ಸಂಶೋಧಕಿ ಅಮೆರಿಕದ 20 ಒಂದನೇ ತರಗತಿ ಕೋಣೆಗಳಲ್ಲಿ ಕುಳಿತು ಲೆಕ್ಕ ಹಾಕಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಮಕ್ಕಳು ಮಾಹಿತಿ ಬರಹದ ಜೊತೆ ಕಳೆಯುತ್ತಿದ್ದುದು ದಿನಕ್ಕೆ ಸರಾಸರಿ 3.6 ನಿಮಿಷ. ಅದಕ್ಕೂ 20 ವರ್ಷ ಹಿಂದೆ, 1980ರಲ್ಲಿ, ಮೇಯರ್ ಮತ್ತು ಸಂಗಡಿಗರು ಒಂಬತ್ತನೇ ತರಗತಿಯವರಿಗೆ ಗದ್ಯ ಓದಲು ಕೊಟ್ಟು, ನೆನಪಿದ್ದದ್ದನ್ನು ಬರೆಯಲು ಹೇಳಿದ್ದರು. ಲೇಖಕರು ಕಟ್ಟಿದ ರಚನೆಯನ್ನೇ ಹಿಡಿದುಕೊಂಡು ಬರೆದವರು ಅರ್ಧಕ್ಕಿಂತ ಕಡಿಮೆ. ಹಾಗೆ ಬರೆದವರಿಗೆ ಉಳಿದವರಿಗಿಂತ ಹೆಚ್ಚು ವಿಷಯ ನೆನಪಿತ್ತು. ಉಳಿದವರದು ನಮ್ಮ ಹಳೆಯ ಪರಿಚಯದ ಪಾಯಿಂಟುಗಳ ಪಟ್ಟಿ: ಒಂದರ ಕೆಳಗೊಂದು, ಒಂದಕ್ಕೊಂದು ಸಂಬಂಧವಿಲ್ಲದ ತುಣುಕುಗಳು.

ರಚನೆಯನ್ನು ಕಲಿಸಿಕೊಟ್ಟರೆ ಫಲ ಉಂಟೇ ಎಂಬುದಕ್ಕೂ ಉತ್ತರ ಸಿಕ್ಕಿದೆ. 2016ರಲ್ಲಿ 45 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು, ಹೀಗೆ ಕಲಿತ ಮಕ್ಕಳ ಗ್ರಹಿಕೆ ಗಮನಾರ್ಹವಾಗಿ ಸುಧಾರಿಸುತ್ತದೆ ಎಂದಿತು. ಓದಿನ ಜೊತೆಗೆ ಬರೆಸಿದಲ್ಲಿ ಫಲ ಇನ್ನೂ ಹೆಚ್ಚು ಎಂದೂ ಹೇಳಿತು. ಈ ಎರಡನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಡೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ, 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳನ್ನು ಮುಟ್ಟಿತು. ಒಂದರಿಂದ ಮೂರನೇ ತರಗತಿಯವರೆಗೆ ಕಾರ್ಡು, ಕಲಿಕಾ ಏಣಿ, ಗುಂಪು, ಹಾಡು, ಕಥೆ. ನಾಲ್ಕನೇ ತರಗತಿಗೆ ಬಂದಾಗ ಕಾರ್ಡು ಹೋಗಿ ಪುಸ್ತಕ ಬರುತ್ತದೆ, ನೆಲದ ಮೇಲೆ ಗುಂಪಾಗಿ ಕೂರುವುದು ಹೋಗಿ ಬೆಂಚು ಬರುತ್ತದೆ. ಓದಲು ಕಲಿಯುವ ಕಾಲ ಮುಗಿದು, ಕಲಿಯುವುದಕ್ಕಾಗಿ ಓದುವ ಕಾಲ ಶುರುವಾಗುವುದು ನಾಲ್ಕನೇ ತರಗತಿಯಲ್ಲಿ ಎಂದು ಹಾರ್ವರ್ಡ್‌ನ ಜೀನ್ ಚಾಲ್ ಬಹಳ ಹಿಂದೆಯೇ ಹೇಳಿದ್ದರು. ಅಲ್ಲಿಯವರೆಗೆ ಚೆನ್ನಾಗಿ ಓದುತ್ತಿದ್ದ ಮಕ್ಕಳೂ, ಮುಖ್ಯವಾಗಿ ಬಡ ಮನೆಗಳ ಮಕ್ಕಳು, ಅಲ್ಲಿ ಜಾರುತ್ತಾರೆ ಎಂದೂ ಹೇಳಿದ್ದರು. ಕರ್ನಾಟಕದಲ್ಲಿ ಆ ಜಾರುವ ಜಾಗಕ್ಕೂ ವಿಧಾನವೇ ಬದಲಾಗುವ ಜಾಗಕ್ಕೂ ಅಂತರವಿಲ್ಲ. ಎರಡೂ ಒಂದೇ ಜೂನ್ ತಿಂಗಳಲ್ಲಿ ಬರುತ್ತವೆ.

ಇದು ಯಾರ ಗಮನಕ್ಕೂ ಬಾರದಿರಲು ಒಂದು ಕಾರಣ, ನಾವು ಓದನ್ನು ಅಳೆಯುವ ರೀತಿ. ಗ್ರಾಮೀಣ ಮಕ್ಕಳ ಓದು, ಲೆಕ್ಕಗಳನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ ಮಗು ಅಕ್ಷರ, ಪದ, ಪ್ಯಾರಾ ದಾಟಿ ಏರಬೇಕಾದ ಕಟ್ಟಕಡೆಯ ಮೆಟ್ಟಿಲು ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. 2024ರ ವರದಿಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಐದನೇ ತರಗತಿ ಮಕ್ಕಳಲ್ಲಿ ಅಷ್ಟನ್ನು ಓದಬಲ್ಲವರು ಶೇ 44.8. ಈ ಅಂಕಿ ಬಂದಾಗಲೆಲ್ಲ ಉಳಿದ ಅರ್ಧಕ್ಕೂ ಹೆಚ್ಚು ಮಕ್ಕಳ ಬಗ್ಗೆ ಚರ್ಚೆಯಾಗುತ್ತದೆ, ಆಗಬೇಕಾದದ್ದೇ. ಆದರೆ ಮೆಟ್ಟಿಲು ಹತ್ತಿದರೆಂದು ಲೆಕ್ಕಕ್ಕೆ ಹಿಡಿದ ಮಕ್ಕಳ ಗತಿ ಏನು? ಅವರು ಕಥೆ ಓದಿದ್ದಾರೆ. ಐದನೇ ತರಗತಿಯ ಪರಿಸರ ಅಧ್ಯಯನದ ಪುಟ ಅವರಿಗೆ ದಕ್ಕುತ್ತದೆಯೇ ಎಂದು ಆ ಅಳತೆಗೋಲು ಹೇಳುವುದಿಲ್ಲ, ಹೇಳುತ್ತೇನೆಂದೂ ಅದು ಹೊರಟಿಲ್ಲ. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ 60 ಪದ, ಅರ್ಥಸಹಿತ, ಎಂಬ ಗುರಿ ಇಟ್ಟಿದೆ. ಕೆಳಗಿಳಿಯುತ್ತ ಇಳಿಯುತ್ತ ಇಂಥ ಗುರಿಗಳಲ್ಲಿ ಉಳಿಯುವುದು ಎಣಿಸಲು ಬರುವ ಭಾಗ ಮಾತ್ರ. ನಿಮಿಷವನ್ನು ಎಣಿಸಬಹುದು, ಪದವನ್ನು ಎಣಿಸಬಹುದು. ನಾಲ್ಕನೇ ತರಗತಿಯವರ ಅಂತರರಾಷ್ಟ್ರೀಯ ಓದಿನ ಪರೀಕ್ಷೆಯಾದ ಪರ್ಲ್ಸ್‌ನಲ್ಲಿ ಅರ್ಧ ಭಾಗ ಕಥೆ, ಅರ್ಧ ಭಾಗ ಮಾಹಿತಿ ಗದ್ಯ ಎಂದು ಮೊದಲೇ ಹಂಚಿಟ್ಟಿರುತ್ತಾರೆ. ನಮ್ಮಲ್ಲಿ ಆ ಹಂಚಿಕೆಯ ಮಾತೇ ಎದ್ದಿಲ್ಲ. ಸುಖದೇವ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ಮೇಲೂ ಗದ್ದಲವೆಲ್ಲ ಯಾವ ಮಾಧ್ಯಮ, ಎರಡು ಭಾಷೆಯೋ ಮೂರು ಭಾಷೆಯೋ ಎಂಬುದರ ಸುತ್ತಲೇ. ಮಾಧ್ಯಮ ಯಾವುದೇ ಆಗಲಿ, ಪುಟ ತೆರೆದ ಮಗು ಅದರೊಳಗೆ ಹೇಗೆ ನಡೆಯಬೇಕು ಎಂಬುದು ಎರಡೂ ಕಡೆಯವರಿಗೆ ಬೇಕಿಲ್ಲದ ಪ್ರಶ್ನೆ.

‘ಅಕ್ಷರವೇ ನೆಟ್ಟಗೆ ಬಾರದ ಮಕ್ಕಳಿಗೆ ರಚನೆ-ಗಿಚನೆ ಎಲ್ಲಿಂದ ಕಲಿಸೋಣ’ ಎಂದು ಮೇಷ್ಟ್ರುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ರಚನೆಯನ್ನು ಗುರುತಿಸಲು ಕಿವಿ ಸಾಕು, ಕಣ್ಣಿಗಾಗಿ ಕಾಯಬೇಕಿಲ್ಲ. ನ್ಯೂಯಾರ್ಕಿನಲ್ಲಿ ಜೊವಾನಾ ವಿಲಿಯಮ್ಸ್ ಎಂಬುವರು ಎರಡನೇ ತರಗತಿಯ, ಅಂದರೆ ಏಳೆಂಟು ವರ್ಷದ ಮಕ್ಕಳಿಗೇ ಹೋಲಿಕೆಯ ರಚನೆಯನ್ನು ಕಲಿಸಿದರು. ಪಾಠ ಇದ್ದದ್ದು ಪ್ರಾಣಿಗಳ ವರ್ಗೀಕರಣದ ಮೇಲೆ. ಸಸ್ತನಿ, ಪಕ್ಷಿ, ಮೀನು, ಸರೀಸೃಪ, ಉಭಯವಾಸಿ. ರಚನೆಯತ್ತ ಗಮನ ಕೊಟ್ಟರೆ ವಿಷಯ ಕಡಿಮೆ ಕಲಿತಾರೆಂಬ ಭಯವಿತ್ತು. ಹಾಗಾಗಲಿಲ್ಲ. ಬರೀ ಪ್ರಾಣಿಗಳ ಬಗ್ಗೆ ಕಲಿತ ಮಕ್ಕಳಷ್ಟೇ ವಿಷಯವನ್ನು ಇವರೂ ಕಲಿತರು, ಜೊತೆಗೆ ಹೊಸ ಪ್ಯಾರಾ ಕೊಟ್ಟರೂ ಹೋಲಿಕೆಯನ್ನು ಗುರುತಿಸಿದರು.

ಇಷ್ಟು ಕೇಳಿದ ಮೇಲೆ ಯಾರಾದರೂ ತಕ್ಷಣ ಮಾಡುವ ಕೆಲಸವೆಂದರೆ ಅಮೆರಿಕದ ಚಾರ್ಟನ್ನು ತಂದು ಕನ್ನಡಕ್ಕೆ ಇಳಿಸುವುದು. 2010ರಲ್ಲಿ ಅಲ್ಲಿ ಕಾಮನ್ ಕೋರ್ ಎಂಬ ಪಠ್ಯಕ್ರಮದ ಮಾನದಂಡ ಬಂದು, ನಾಲ್ಕನೇ ತರಗತಿಯ ಮಕ್ಕಳು ಬರಹದ ಒಟ್ಟು ರಚನೆಯನ್ನು ಹೇಳಬಲ್ಲವರಾಗಬೇಕು ಎಂದ ಮೇಲೆ ಇಂಥ ಚಾರ್ಟುಗಳಿಗೆ ಲೆಕ್ಕವಿಲ್ಲ. ಬೆಂಗಳೂರಿನ ಇಂಗ್ಲಿಷ್ ಶಾಲೆಗಳ ವರ್ಕ್‌ಶೀಟುಗಳಲ್ಲೂ ಅವು ಇಣುಕುತ್ತವೆ. ಒಂದೊಂದು ರಚನೆಗೆ ಒಂದಿಷ್ಟು ಸೂಚಕ ಪದಗಳು. ಪದ ಕಂಡರೆ ಗೆರೆ ಎಳೆ, ಮೇಲೆ ಹೆಸರು ಬರೆ. ಇಂಗ್ಲಿಷಿಗೆ ಅದು ತಕ್ಕಮಟ್ಟಿಗೆ ಒಗ್ಗುತ್ತದೆ. ಅಲ್ಲಿ ಕಾರಣಕ್ಕೊಂದು, ವಿರೋಧಕ್ಕೊಂದು ಬಿಡಿ ಪದ ಇದೆ, ವಾಕ್ಯದಲ್ಲಿ ಎದ್ದು ಕಾಣುತ್ತದೆ.

ಕನ್ನಡದಲ್ಲಿ ‘ಆದ್ದರಿಂದ’, ‘ಆದರೆ’, ‘ಏಕೆಂದರೆ’ ಇಲ್ಲವೆಂದಲ್ಲ. ಆದರೆ ನಮ್ಮ ಭಾಷೆ ಈ ಕೆಲಸದ ಹೆಚ್ಚಿನ ಪಾಲನ್ನು ಕ್ರಿಯಾಪದದ ಬಾಲಕ್ಕೆ ಒಪ್ಪಿಸಿದೆ. ಈ ಐದು ಸಾಲು ನೋಡಿ:

ಮಳೆ ಬಂದರೆ ಕೆರೆ ತುಂಬುತ್ತದೆ.
ಮಳೆ ಬಂದರೂ ಕೆರೆ ತುಂಬಲಿಲ್ಲ.
ಮಳೆ ಬಂದದ್ದರಿಂದ ಕೆರೆ ತುಂಬಿತು.
ಮಳೆ ಬಂದ ಮೇಲೆ ಕೆರೆ ತುಂಬಿತು.
ಮಳೆ ಬಂದು ಕೆರೆ ತುಂಬಿತು.

ಮೊದಲನೆಯದು ಷರತ್ತು. ಎರಡನೆಯದು ನಿರೀಕ್ಷೆಗೆ ವಿರುದ್ಧವಾದದ್ದು. ಮೂರನೆಯದು ಕಾರಣ. ನಾಲ್ಕನೆಯದು ಕಾಲ, ಬಹುಶಃ ಕಾರಣ. ಐದನೆಯದರಲ್ಲಿ ‘ಬಂದು’ ಎಂಬುದು ಎಲ್ಲವನ್ನೂ ನಮಗೇ ಬಿಟ್ಟಿದೆ. ‘ಅವನು ಬಂದು ಕೂತ’ ಎಂಬಲ್ಲಿ ಅದು ಬರೀ ಅನುಕ್ರಮ, ‘ಮಳೆ ಬಂದು ಬೆಳೆ ಹಾಳಾಯಿತು’ ಎಂಬಲ್ಲಿ ಕಾರಣ. ಮೊದಲ ಎರಡು ಸಾಲುಗಳ ವ್ಯತ್ಯಾಸವನ್ನಂತೂ ಹೊತ್ತಿರುವುದು ‘ರೆ’ ಮತ್ತು ‘ರೂ’. ಒಂದು ಎತ್ವ, ಒಂದು ಕೊಂಬಿನ ದೀರ್ಘ. ಅಷ್ಟರಲ್ಲಿ ಅರ್ಥ ತಲೆಕೆಳಗಾಗುತ್ತದೆ. ಓದಲು ಈಗಷ್ಟೇ ಕಲಿತ ಮಗು ಪದದ ಮೊದಲೆರಡು ಅಕ್ಷರ ಓದಿ ಬಾಲವನ್ನು ಊಹಿಸಿಬಿಡುತ್ತದೆ. ‘ಬಂ...’ ಎಂದ ಕೂಡಲೆ ‘ಬಂದರೆ’ ಎಂದೇ ಬಾಯಿಗೆ ಬರುತ್ತದೆ. ನಾವು ಅದನ್ನು ಓದಿನ ಸಣ್ಣ ತಪ್ಪು ಎಂದು ಬಿಟ್ಟುಬಿಡುತ್ತೇವೆ. ಪ್ಯಾರಾದ ದಿಕ್ಕು ತಪ್ಪಿದ್ದು ಅಲ್ಲೇ.

‘ಇಂದ’ದ ಕಥೆಯೂ ಹೀಗೆಯೇ. ತುಮಕೂರಿನಿಂದ ಬಂದರು, ಕುಡುಗೋಲಿನಿಂದ ಕೊಯ್ದರು, ಬರದಿಂದ ಗುಳೆ ಹೋದರು. ಮೂರರಲ್ಲೂ ಬಾಲ ಒಂದೇ. ಒಂದು ಜಾಗ, ಒಂದು ಸಲಕರಣೆ, ಒಂದು ಕಾರಣ. ‘ಇಂದ’ ಕಂಡಲ್ಲೆಲ್ಲ ಕಾರಣ ಎಂದು ಗೆರೆ ಎಳೆ ಎಂದು ಕಲಿಸಿದರೆ ಮಗು ತುಮಕೂರನ್ನೂ ಕಾರಣ ಮಾಡಿಬಿಡುತ್ತದೆ. ಹೋಲಿಕೆಗೂ ನಮ್ಮಲ್ಲಿ ಬಿಡಿ ಪದಕ್ಕಿಂತ ‘ಗಿಂತ’ ಎಂಬ ಬಾಲದ ಬಳಕೆಯೇ ಹೆಚ್ಚು: ರಾಗಿಗಿಂತ ಭತ್ತಕ್ಕೆ ನೀರು ಹೆಚ್ಚು ಬೇಕು. ಇನ್ನು ‘ರಾಗಿಯಂತೂ’, ‘ಭತ್ತ ಮಾತ್ರ’ ಎಂಬ ಮಾತುಗಳಲ್ಲಿ ಹೋಲಿಕೆ ಎಷ್ಟು ಮೆಲ್ಲಗೆ ನುಸುಳುತ್ತದೆಂದರೆ ಯಾವ ಚಾರ್ಟಿನಲ್ಲೂ ಅದನ್ನು ಹಿಡಿಯುವುದಕ್ಕಾಗದು.

ಹಾಗಾಗಿ ಕನ್ನಡದಲ್ಲಿ ಈ ಕಲಿಕೆ ಶುರುವಾಗಬೇಕಾದದ್ದು ಪದಪಟ್ಟಿಯಿಂದಲ್ಲ, ಬಾಲಗಳಿಂದ. ಸಂತೋಷದ ಸಂಗತಿ ಎಂದರೆ, ಮಾತಿನಲ್ಲಿ ಇವು ಮಕ್ಕಳಿಗೆ ಪೂರ್ತಿ ಗೊತ್ತು. ‘ಹೋಂವರ್ಕ್ ಮಾಡಿದ್ರೆ ಆಟಕ್ಕೆ ಬಿಡ್ತೀನಿ’ ಎಂದ ಅಮ್ಮ ಕಡೆಗೆ ‘ಮಾಡಿದ್ರೂ ಬಿಡಲ್ಲ’ ಎಂದರೆ ಐದು ವರ್ಷದ ಮಗುವೂ ಜಗಳಕ್ಕೆ ನಿಲ್ಲುತ್ತದೆ. ‘ರೆ’ಗೂ ‘ರೂ’ಗೂ ಇರುವ ಅಂತರ ಅದಕ್ಕೆ ಯಾರೂ ಕಲಿಸಬೇಕಿಲ್ಲ. ಬಾಯಲ್ಲಿರುವುದನ್ನು ಪುಟದ ಮೇಲೆ ಗುರುತಿಸುವುದಷ್ಟೇ ಬಾಕಿ. ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಆಡುವ ಮಕ್ಕಳಿಗೆ ಈ ಬಾಯಲ್ಲಿರುವ ಬಂಡವಾಳ ಕಡಿಮೆ. ಅವರಿಗೆ ಮಾತಿನಲ್ಲಿ ಇನ್ನಷ್ಟು ಹೊತ್ತು ಆಡಿಸಬೇಕು.

ತರಗತಿಯಲ್ಲಿ ಇದು ಹೇಗೆ ಕಾಣಬಹುದು? ಮೇಲಿನ ಹೂಳಿನ ಪ್ಯಾರಾವನ್ನೇ ತೆಗೆದುಕೊಳ್ಳಿ. ಕೊನೆಯ ಸಾಲಿನಿಂದ ಹಿಂದಕ್ಕೆ ನಡೆಸುವ ಶಿಕ್ಷಕಿಯ ಮಾತು ಹೀಗೆ ಸಾಗುತ್ತದೆ:

“ಬೋರ್‌ವೆಲ್ ಯಾಕೆ ಬತ್ತಿತು?”
“ಕೆಳಗೆ ನೀರಿಲ್ಲ ಟೀಚರ್.”
“ಕೆಳಗೆ ಯಾಕಿಲ್ಲ?”
“ಕೆರೇಲಿ ನೀರು ನಿಲ್ಲಲಿಲ್ಲ.”
“ಯಾಕೆ ನಿಲ್ಲಲಿಲ್ಲ?”
“ಹೂಳು ತುಂಬಿತ್ತಲ್ಲ. ಯಾರೂ ತೆಗೀಲಿಲ್ಲ.”
“ಯಾಕೆ ತೆಗೀಲಿಲ್ಲ?”
“ಬೋರ್‌ವೆಲ್ ಬಂತಲ್ಲ ಟೀಚರ್...”

ಬಾಣದ ಗುರುತು ಹಾಕುತ್ತ ಕಪ್ಪುಹಲಗೆಯ ಮೇಲೆ ಇದನ್ನು ಬರೆದರೆ ಒಂದು ಸುತ್ತು ತಾನಾಗಿ ಮೂಡುತ್ತದೆ. ‘ಹೂಳು ತುಂಬಿತ್ತು’ ಎಂಬ ಮಾತು ಪ್ಯಾರಾದಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಮಗು ಅದನ್ನು ತಾನೇ ತುಂಬಿಕೊಂಡಿತು. ಊರಿನ ಕೆರೆ ನೋಡಿದ ಮಗುವಾದ್ದರಿಂದ ತುಂಬಿಕೊಂಡಿತು. ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಬೆಳೆದ ಮಗುವಿಗೆ ಹೂಳು ಎಂದರೇನೆಂದು ಮೊದಲು ಹೇಳಬೇಕಾಗುತ್ತದೆ, ಆಮೇಲೆ ಬಾಣ.

ರಚನೆಗಳ ನಡುವಿನ ಅಂತರವನ್ನು ಹೆಸರಿನಿಂದ ಕಲಿಸುವುದಕ್ಕಿಂತ ಪ್ಯಾರಾವನ್ನು ಕೆಡಿಸಿ ಕಲಿಸುವುದು ಸುಲಭ. “ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಗದ್ದೆಗೆ ನೀರು ಬಿಡುತ್ತದೆ. ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ.” ಈ ಮೂರು ಸಾಲನ್ನು ಚೀಟಿಗಳಲ್ಲಿ ಬರೆದು ಅದಲುಬದಲು ಮಾಡಿ. ಅರ್ಥ ಕೆಡುವುದಿಲ್ಲ, ಏಕೆಂದರೆ ಇದು ವಿವರಣೆ. ರಾಗಿಯ ಪೈರು ನಾಟಿ ಮಾಡುವ ಕ್ರಮವನ್ನು ಹೇಳುವ ಚೀಟಿಗಳನ್ನು ಕಲೆಸಿದರೆ ಪೈರು ಕಿತ್ತ ಮೇಲೆ ಒಟ್ಲು (ಸಸಿಮಡಿ) ಹಾಕಿದಂತಾಗಿ ತರಗತಿ ನಗುತ್ತದೆ, ಅದು ಅನುಕ್ರಮ. ಹೋಲಿಕೆಯ ಪ್ಯಾರಾದಲ್ಲಿ ಒಂದು ಕಡೆಯ ಚೀಟಿಗಳನ್ನೆಲ್ಲ ಅಡಗಿಸಿಟ್ಟರೆ ಉಳಿದದ್ದು ಕುಂಟುತ್ತದೆ. ಪರಿಹಾರದ ಚೀಟಿ ಮಾತ್ರ ಕೊಟ್ಟು ಸಮಸ್ಯೆ ಏನಿದ್ದಿರಬಹುದು ಎಂದು ಕೇಳಿದರೆ ಮಕ್ಕಳು ಪತ್ತೇದಾರರಾಗುತ್ತಾರೆ. ಇದಕ್ಕೆ ಸ್ಮಾರ್ಟ್ ಕ್ಲಾಸ್ ಬೇಡ, ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು.

ಆಮೇಲೆ ಬರೆಸಬೇಕು. 45 ಅಧ್ಯಯನಗಳ ಮಾತು ಇಲ್ಲಿ ನೆನಪಾಗಬೇಕು. ಒಂದೇ ವಿಷಯ, ಉದಾಹರಣೆಗೆ ಬಿಸಿಯೂಟ: ಅಡುಗೆಯವರು ಬೆಳಿಗ್ಗೆಯಿಂದ ಏನೇನು ಮಾಡುತ್ತಾರೆ ಎಂದು ಒಂದು ದಿನ, ಮೊಟ್ಟೆಗೂ ಬಾಳೆಹಣ್ಣಿಗೂ ಏನು ವ್ಯತ್ಯಾಸ ಎಂದು ಇನ್ನೊಂದು ದಿನ, ಸಾರು ಯಾಕೆ ಉಳಿಯುತ್ತದೆ, ಉಳಿಯದಂತೆ ಏನು ಮಾಡಬಹುದು ಎಂದು ಮತ್ತೊಂದು ದಿನ. ನಾಲ್ಕೇ ಸಾಲು. ತಾವೇ ಕಟ್ಟಿದವರಿಗೆ ಇತರರು ಕಟ್ಟಿದ್ದು ಕಾಣುತ್ತದೆ. ಈಗ ನಮ್ಮ ಮಕ್ಕಳು ಬರೆಯುವ ಮಾಹಿತಿ ಗದ್ಯವೆಂದರೆ ‘ಪೀಠಿಕೆ, ವಿಷಯ ವಿವರಣೆ, ಉಪಸಂಹಾರ’ ಎಂಬ ಪ್ರಬಂಧ ಒಂದೇ. ಅದು ಗೈಡಿನಿಂದ ಬಾಯಿಪಾಠವಾಗಿ ಬಂದದ್ದು; ದಸರಾಕ್ಕೂ ದೂರದರ್ಶನಕ್ಕೂ ಅದೇ ಉಪಸಂಹಾರ.

ಇಷ್ಟೆಲ್ಲ ಹೊಣೆಯನ್ನು ಮಕ್ಕಳ ಮೇಲೂ ಶಿಕ್ಷಕರ ಮೇಲೂ ಹೊರಿಸಿದ್ದಾಯಿತು. ಪುಸ್ತಕ ಬರೆಯುವವರನ್ನು ಬಿಡಬಾರದು. 1991ರಲ್ಲಿ ಇಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕ್ಯೋನ್ ಎಂಬ ಸಂಶೋಧಕಿಯರು ಸಹೋದ್ಯೋಗಿಗಳ ಜೊತೆ ಸೇರಿ ಅಮೆರಿಕದ ಐದನೇ ತರಗತಿಯ ಇತಿಹಾಸದ ಪಾಠಗಳನ್ನು ತೆಗೆದುಕೊಂಡು, ಘಟನೆಗಳ ನಡುವೆ ಬಿಟ್ಟುಹೋಗಿದ್ದ ಕಾರಣಗಳನ್ನು ಸೇರಿಸಿ ತಿದ್ದಿ ಬರೆದರು. ತಿದ್ದಿದ್ದನ್ನು ಓದಿದ ಮಕ್ಕಳು ಮೂಲವನ್ನು ಓದಿದವರಿಗಿಂತ ಹೆಚ್ಚು ನೆನಪಿಟ್ಟುಕೊಂಡರು, ಹೆಚ್ಚು ಪ್ರಶ್ನೆಗಳಿಗೆ ಉತ್ತರಿಸಿದರು. ಮಕ್ಕಳಿಗೆ ಯಾವ ತರಬೇತಿಯನ್ನೂ ಕೊಟ್ಟಿರಲಿಲ್ಲ. ಸರಿಯಾಗಿ ಬರೆದದ್ದಷ್ಟೇ. ನಮ್ಮ ಪಠ್ಯಪುಸ್ತಕಗಳಲ್ಲಿ ‘ಕಾರಣಗಳು’ ಎಂಬ ತಲೆಬರಹದ ಕೆಳಗೆ ಆರು ಪಾಯಿಂಟು, ‘ಪರಿಣಾಮಗಳು’ ಎಂಬುದರ ಕೆಳಗೆ ಆರು ಪಾಯಿಂಟು ಇರುತ್ತವೆ. ಯಾವ ಕಾರಣದಿಂದ ಯಾವ ಪರಿಣಾಮ ಎಂಬುದು ಗಾಳಿಗೆ. ಒಂದು ವಿಚಾರ ನಡೆಯುತ್ತಿರುವಾಗಲೇ ಮಧ್ಯೆ ‘ನಿಮಗೆ ಇದು ತಿಳಿದಿರಲಿ’ ಎಂಬ ಚೌಕ, ಅದರ ಕೆಳಗೊಂದು ಚಟುವಟಿಕೆ, ಅದನ್ನು ದಾಟಿ ಹೋಗಿ ಹಿಂದಿನ ವಾಕ್ಯದ ತುದಿಯನ್ನು ಹಿಡಿಯಬೇಕು. ಪ್ರೌಢಶಾಲೆಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿಯದರ ಅನುವಾದ. ಅಲ್ಲಿ ತೊಡಕು ಬೇರೆ: ಕಾರಣ ಮೊದಲು, ಫಲ ಆಮೇಲೆ ಎಂಬ ಕನ್ನಡದ ಸಹಜ ನಡೆ ತಿರುವುಮುರುವಾಗಿ, ಫಲವನ್ನು ಹೇಳಿ ‘ಏಕೆಂದರೆ’ ಎಂದು ಮಧ್ಯದಲ್ಲಿ ಕೊಂಡಿ ಹಾಕಿ ಕಾರಣವನ್ನು ಕೊನೆಗೆ ತರುವ ವಾಕ್ಯಗಳು ಸಾಲುಗಟ್ಟುತ್ತವೆ. ಒಂದೆರಡು ಬಂದರೆ ಅಡ್ಡಿಯಿಲ್ಲ. ಪುಟತುಂಬ ಬಂದರೆ ಕನ್ನಡದ ಕಿವಿಗೆ ದಿಕ್ಕು ತಪ್ಪುತ್ತದೆ.

ಕನ್ನಡದಲ್ಲಿ ಮಕ್ಕಳಿಗೆ ಚೆನ್ನಾದ ಮಾಹಿತಿ ಗದ್ಯ ಬರೆಯಲು ಬಾರದೆಂದಲ್ಲ. ಶಿವರಾಮ ಕಾರಂತರ ‘ಬಾಲಪ್ರಪಂಚ’ ಬಂದದ್ದು 1936ರಲ್ಲಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಹಲವು ದಶಕಗಳಿಂದ ಬರುತ್ತಿದೆ. ಆದರೆ ಶಾಲೆಯ ಬೀರು ತೆರೆದರೆ ಮೊದಲು ಕೈಗೆ ಸಿಗುವುದು ಪಂಚತಂತ್ರ, ತೆನಾಲಿ ರಾಮ, ಮಹಾಪುರುಷರ ಜೀವನಚರಿತ್ರೆ. ಜೀವನಚರಿತ್ರೆಯೂ ಮಾಹಿತಿ ಗದ್ಯವೇ, ಒಪ್ಪಿದೆ. ಹುಟ್ಟಿದರು, ಕಷ್ಟಪಟ್ಟರು, ಗೆದ್ದರು ಎಂಬ ಅದರ ದಾರಿ ಮಾತ್ರ ಕಥೆಯದೇ.

ನನಗಿರುವ ಒಂದು ಭಯವನ್ನೂ ಹೇಳಿಬಿಡುತ್ತೇನೆ. ಇಲಾಖೆಗೆ ನಾಳೆ ಇದು ಹಿಡಿಸಿತೆನ್ನಿ. ಸುತ್ತೋಲೆ ಬರುತ್ತದೆ, ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಮೂರು ದಿನದ ತರಬೇತಿ ಆಗುತ್ತದೆ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬಂದು ಗೋಡೆಯ ಮೇಲೆ ಚಾರ್ಟ್ ಇದೆಯೇ ಎಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಮಾರ್ಚ್ ಪರೀಕ್ಷೆಯಲ್ಲಿ ‘ಗದ್ಯ ರಚನೆಗಳು ಎಷ್ಟು? ಅವು ಯಾವುವು?’ ಎಂಬ ಪ್ರಶ್ನೆ ಬರುತ್ತದೆ. ಸಂಧಿ-ಸಮಾಸಗಳಿಗೆ ಆದದ್ದು ಇದೇ. ಸವರ್ಣದೀರ್ಘ ಸಂಧಿಗೆ ಐದು ಉದಾಹರಣೆ ಥಟ್ಟನೆ ಹೇಳುವ ಹುಡುಗ ಹೊಸ ಪದ ಕೊಟ್ಟರೆ ಬಿಡಿಸಲಾರ.

ತಜ್ಞರ ಕಡೆಯಿಂದಲೂ ಎಚ್ಚರಿಕೆಯ ಮಾತಿದೆ. ಓದಿನ ತಂತ್ರಗಳನ್ನು ಕಲಿಸುವುದರಿಂದ ಲಾಭ ಬೇಗ ಸಿಗುತ್ತದೆ, ಆದರೆ ಅದನ್ನೇ ತಿಂಗಳುಗಟ್ಟಲೆ ಉಜ್ಜಿದರೆ ಲಾಭ ಹೆಚ್ಚುವುದಿಲ್ಲ ಎನ್ನುತ್ತಾರೆ ಮನೋವಿಜ್ಞಾನಿ ಡೇನಿಯಲ್ ವಿಲಿಂಗ್‌ಹ್ಯಾಮ್. 1988ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಏಳು-ಎಂಟನೇ ತರಗತಿಯವರಿಗೆ ಬೇಸ್‌ಬಾಲ್ ಪಂದ್ಯದ ಬಗೆಗಿನ ಗದ್ಯ ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಗ್ರಹಿಸಿದರು. ವಿಷಯ ತಿಳಿಯದವರಿಗೆ ರಚನೆ ಒಂದೇ ಏನು ಮಾಡೀತು? ನನ್ನ ಮಟ್ಟಿಗೆ ಇದರ ಅರ್ಥ ರಚನೆಯನ್ನು ಕಲಿಸಬಾರದೆಂದಲ್ಲ. ಭಾಷಾ ಅವಧಿಯಲ್ಲಿ ಪ್ರತ್ಯೇಕ ಅಧ್ಯಾಯವಾಗಿ ಕಲಿಸಬಾರದು. ಅದರ ಜಾಗ ಪರಿಸರ ಅಧ್ಯಯನ, ವಿಜ್ಞಾನ, ಸಮಾಜ ವಿಜ್ಞಾನದ ಪಿರಿಯಡ್ಡು. ಅಂದಿನ ಪಾಠದ ಒಂದೇ ಒಂದು ಪ್ಯಾರಾದ ಮೇಲೆ ಹತ್ತು ನಿಮಿಷ. ಅಷ್ಟೇ. ‘ನಾನು ವಿಜ್ಞಾನದ ಮೇಷ್ಟ್ರು, ಓದು ಕಲಿಸುವುದು ಕನ್ನಡ ಮೇಷ್ಟ್ರ ಕೆಲಸ’ ಎಂಬ ಗಡಿಗೆರೆ ಪ್ರೌಢಶಾಲೆಗಳಲ್ಲಿ ಗಟ್ಟಿಯಾಗಿದೆ. ವಿಜ್ಞಾನದ ಗದ್ಯವನ್ನು ಹೇಗೆ ಓದಬೇಕೆಂದು ವಿಜ್ಞಾನದವರೇ ತೋರಿಸದಿದ್ದರೆ ತೋರಿಸುವವರು ಬೇರೆ ಯಾರೂ ಇಲ್ಲ.

ಪರೀಕ್ಷೆ ನಡೆಸುವವರು ಒಂದು ಸಣ್ಣ ಬದಲಾವಣೆ ಮಾಡಬಹುದು. ಅಪಠಿತ ಗದ್ಯದ ಕೆಳಗೆ ಈಗ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಯಾರು, ಎಲ್ಲಿ, ಯಾವಾಗ. ನಾಲ್ಕರಲ್ಲಿ ಒಂದನ್ನಾದರೂ ಒಂದೇ ಸಾಲಿನಿಂದ ಇಳಿಸಲಾಗದ ಹಾಗೆ, ಎರಡು ಸಾಲುಗಳನ್ನು ತಾನೇ ಬೆಸೆದು ಉತ್ತರಿಸಬೇಕಾದ ಹಾಗೆ ಕೇಳಿದರೆ, ಮುಂದಿನ ವರ್ಷದ ಹೊತ್ತಿಗೆ ಗೈಡುಗಳೂ ಟ್ಯೂಷನ್‌ಗಳೂ ತಾವಾಗಿಯೇ ಆ ಕಡೆ ತಿರುಗುತ್ತವೆ. ಸುತ್ತೋಲೆಗಿಂತ ಪ್ರಶ್ನೆಪತ್ರಿಕೆಯ ಮಾತನ್ನು ನಮ್ಮ ವ್ಯವಸ್ಥೆ ಬೇಗ ಕೇಳುತ್ತದೆ.

ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಂದ ಪತ್ರಿಕೆಯ ಮುಖ್ಯಾಂಶ ಓದಿಸುವ ಪದ್ಧತಿ ಎಷ್ಟೋ ಶಾಲೆಗಳಲ್ಲಿದೆ. ಬಿಟ್ಟಿಯಾಗಿ ದಿನಾ ಬರುವ ಮಾಹಿತಿ ಗದ್ಯ ಅದು. ತಲೆಬರಹ ಓದಿ ಮಡಚಿಡುವ ಬದಲು ಒಂದು ಸುದ್ದಿಯನ್ನು ಕೊನೆಯವರೆಗೆ ಓದಿಸಿ, ‘ಮೊದಲು ನಡೆದದ್ದು ಯಾವುದು, ಪತ್ರಿಕೆಯವರು ಮೊದಲು ಬರೆದದ್ದು ಯಾವುದು’ ಎಂದು ಕೇಳಿ ನೋಡಬಹುದು. ಸುದ್ದಿ ಬರೆಯುವವರು ಕೊನೆಗೆ ಆದದ್ದನ್ನು ಮೇಲಿಟ್ಟು, ಶುರುವಿನಲ್ಲಿ ಆದದ್ದನ್ನು ಕೆಳಗೆ ತಳ್ಳುತ್ತಾರೆ. ಬಸ್ ಉರುಳಿದ್ದು ಮೊದಲ ಸಾಲಿನಲ್ಲಿ, ಬ್ರೇಕ್ ಕೆಟ್ಟಿದ್ದು ಐದನೇ ಸಾಲಿನಲ್ಲಿ. ಐದನೇ ಸಾಲಿಗೆ ಇಳಿಯದ ಮಗುವಿಗೆ ಬ್ರೇಕಿನ ವಿಚಾರ ಗೊತ್ತಾಗುವುದೇ ಇಲ್ಲ. ತಲೆಬರಹ ನೋಡಿ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವ ಅದರ ಚಿಕ್ಕಪ್ಪನಿಗೂ ಅಷ್ಟೇ.